ಕಡಿದ ತಲೆಯೂ ಗುಪ್ತವಾದ ಆಣೆಯೂ

ಓದತಕ್ಕ ಭಾಗಗಳು: ಮಾರ್ಕ ೬:೧೪-೨೯, ಯೋಹಾನ ೧೮:೧೯-೨೧

ಪ್ರಿಯರೇ, ಹೆರೋದ ಅರಸನು ತನ್ನ ಹುಟ್ಟಿದ ದಿವಸದಲ್ಲಿ ಗಲಿಲಾಯದ ಪ್ರಮುಖರಿಗೆ ಔತಣ ಮಾಡಿಸಿದ ಸಂಗತಿಯನ್ನು ನೀವು ಸಭೆಯಲ್ಲಿ ಅನೇಕಾವರ್ತಿ ಕೇಳಿದ್ದೀರಿ. ಹೆರೋದ್ಯಳ ಮಗಳು ಕುಣಿದಳು. ಅರಸನು ಮೆಚ್ಚಿ, ರಾಜ್ಯದ ಅರ್ಧವನ್ನು ಕೇಳಿದರೂ ಕೊಡುವೆನೆಂದು ಎಲ್ಲರ ಮುಂದೆ ಆಣೆಯಿಟ್ಟನು. ಆಕೆಯು ತಾಯಿಯ ಬಳಿಗೆ ಹೋಗಿ ಬಂದು, ಸ್ನಾನಿಕನಾದ ಯೋಹಾನನ ತಲೆಯನ್ನು ಹರಿವಾಣದಲ್ಲಿ ಬೇಡಿದಳು. ಆಗ ಅರಸನಿಗೆ ದುಃಖವಾಯಿತು. ಯೋಹಾನನು ನೀತಿವಂತನೆಂದು ಅವನು ಬಲ್ಲನು. ಅವನ ಮಾತನ್ನು ಸಂತೋಷದಿಂದ ಕೇಳುತ್ತಲೂ ಇದ್ದನು. ಆದರೂ ಇಟ್ಟ ಆಣೆಗೋಸ್ಕರವೂ ಪಂಕ್ತಿಯಲ್ಲಿ ಕೂತಿದ್ದವರಿಗೋಸ್ಕರವೂ ಸೆರೆಮನೆಗೆ ಆಳನ್ನು ಕಳುಹಿಸಿದನು. ಕತ್ತಿಯನ್ನು ಹಿಡಿದವನು ಸಿಪಾಯಿಯೇ. ಆದರೆ ಅದನ್ನು ಅವನ ಕೈಗೆ ಕೊಟ್ಟದ್ದು ವಿಚಾರವಿಲ್ಲದೆ ಇಟ್ಟ ಒಂದು ಆಣೆ.

ನಾವು ಈ ತಿಂಗಳಲ್ಲಿ ಈ ಭಾಗವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಗುಪ್ತ ಸಂಘಗಳೆಂಬವು ಕಡಿದ ತಲೆಯನ್ನೂ ತಲೆಬುರುಡೆಯನ್ನೂ ತಮ್ಮ ಗುರುತಾಗಿ ಯಾಕೆ ಇಟ್ಟುಕೊಂಡವು, ಅದರ ಅರ್ಥವೇನು, ಎಂದು ನಮ್ಮ ಯೌವನಸ್ಥರು ಕೇಳುತ್ತಾರೆ. ಅಂಥ ಚಿತ್ರಗಳು ಈಗ ಅಂಗೈಯಲ್ಲಿರುವ ಮೊಬೈಲಿನಲ್ಲಿಯೇ ಕಾಣಿಸಿಕೊಳ್ಳುತ್ತವೆ. ಹಿರಿಯರು, ಅಂಥದನ್ನು ನೋಡಬೇಡ, ಅಂದುಬಿಟ್ಟರೆ ಪ್ರಶ್ನೆಯು ತೀರಲಿಲ್ಲ. ಅದು ಹೊಟ್ಟೆಯೊಳಗೆ ಕೂತು ಬೆಳೆಯುತ್ತದೆ. ಆದದರಿಂದ ತಿಳಿದಷ್ಟನ್ನು ಬಿಚ್ಚಿ ಹೇಳುವದೇ ಲೇಸು.

ಮೊದಲು ನಮ್ಮ ಊರಿನಲ್ಲಿಯೇ ನೋಡಿರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಯಾವ ಹಳ್ಳಿಯಲ್ಲಿಯಾದರೂ ಇಬ್ಬರಿಗೆ ವ್ಯಾಜ್ಯ ಬಂದಾಗ ಒಬ್ಬನು, "ನಿನ್ನ ಮಗನ ತಲಿ ಮ್ಯಾಲ ಕೈ ಇಟ್ಟು ಹೇಳು ನೋಡೋಣು" ಅನ್ನುತ್ತಾನೆ. ಅಷ್ಟು ಹೊತ್ತು ಕೂಗಾಡಿದವನು ಆ ಮಾತಿಗೆ ಸುಮ್ಮನಾಗುತ್ತಾನೆ. ಬೆಳ್ಳಿಯ ಕಡಗವನ್ನು ಸಾವುಕಾರನಲ್ಲಿ ಒತ್ತೆಯಿಡುವ ಹಾಗೆ ಆಣೆಯಿಡುವವನು ತಲೆಯನ್ನು ಒತ್ತೆಯಿಡುತ್ತಾನೆ. ಮಾತು ಸುಳ್ಳಾದರೆ ತಲೆ ಹೋಗಲಿ ಎಂಬದೇ ಅದರ ಅರ್ಥ. ತಲೆ ಹೋದರೂ ಬಾಯಿ ಬಿಡೆನು ಎಂಬ ಮಾತೂ ಇದರಿಂದಲೇ ಹುಟ್ಟಿತು. ಗುಪ್ತ ಸಂಘದವರು ದೊಡ್ಡ ಆಡಂಬರದಿಂದ ಮಾಡುವದನ್ನು ನಮ್ಮ ಜನರು ಅಗಸೆಯ ಕಟ್ಟೆಯ ಮೇಲೆ ಆಡಂಬರವಿಲ್ಲದೆ ಮಾಡುತ್ತಾರೆ.

ಈ ಒತ್ತೆಯು ಕನ್ನಡನಾಡಿನಲ್ಲಿ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯಲ್ಲಿ ಗರುಡಗಂಬವೆಂಬ ಒಂದು ಸ್ತಂಭವುಂಟು. ಹೊಯ್ಸಳ ಅರಸರಿಗೆ ಗರುಡರೆಂಬ ಮೈಗಾವಲಿನವರಿದ್ದರು. ಒಡೆಯನು ಸತ್ತರೆ ತಾವೂ ಬದುಕಿರೆವೆಂದು ಇವರು ಪ್ರತಿಜ್ಞೆ ಮಾಡಿದವರು. ಇಮ್ಮಡಿ ವೀರಬಲ್ಲಾಳನು ೧೨೨೦ರಲ್ಲಿ ತೀರಿಕೊಂಡ ತರುವಾಯ ಕುವರ ಲಕ್ಷ್ಮನೆಂಬವನೂ ಅವನ ಹೆಂಡತಿಯೂ ಅವನ ಸಂಗಡಿಗರೂ ಹಾಗೆಯೇ ಪ್ರಾಣಬಿಟ್ಟರು. ಆ ಕಂಬದ ಮೇಲೆ ವೀರರು ಕೈಯಲ್ಲಿ ಕತ್ತಿ ಹಿಡಿದು ತಮ್ಮ ತಲೆಗಳನ್ನು ತಾವೇ ಕಡಿದುಕೊಳ್ಳುವ ರೂಪಗಳಿವೆ. ಇನ್ನು ಸಿಡಿತಲೆಗಲ್ಲುಗಳೆಂಬ ವೀರಗಲ್ಲುಗಳು ಈ ನಾಡಿನ ಬೇರೆ ಬೇರೆ ಸ್ಥಳಗಳಲ್ಲಿ ಸಿಕ್ಕಿವೆ. ಬಾಗಿಸಿದ ಗಳಕ್ಕೆ ಕೂತವನ ಕೂದಲನ್ನು ಕಟ್ಟಿ ಕುತ್ತಿಗೆಯನ್ನು ಕಡಿದಾಗ ಗಳವು ನೆಟ್ಟಗಾಗಿ ತಲೆಯು ಮೇಲಕ್ಕೆ ಸಿಡಿಯುವದು. ಇದನ್ನೇ ಅವುಗಳಲ್ಲಿ ಕೆತ್ತಿದ್ದಾರೆ. ಕೊಟ್ಟ ಮಾತಿಗಾಗಿ, ಉಂಡ ಅನ್ನಕ್ಕಾಗಿ ಅವರು ಸತ್ತರು. ಅವರ ನಿಷ್ಠೆಯನ್ನು ನಾವು ಹೀನೈಸಲಾರೆವು; ಆದಿತ್ಯವಾರದ ಆರಾಧನೆಗೆ ಮಳೆ ಬಂದರೆ ಬಾರದಿರುವ ನಾವು ಹೀನೈಸುವದಕ್ಕೆ ಯೋಗ್ಯರೂ ಅಲ್ಲ. ಆದರೂ ಒಂದನ್ನು ಕೇಳಬಹುದು. ಒಡೆಯನು ಸತ್ತ ಮೇಲೆ ಆಳು ಸತ್ತರೆ ಯಾರಿಗೆ ಲಾಭ? ಸತ್ತ ಒಡೆಯನು ಏಳಲಿಲ್ಲ. ಕಲ್ಲು ಮಾತ್ರ ಎದ್ದು ನಿಂತಿತು.

ಕಾಪಾಲಿಕರೆಂಬ ಪಂಥದವರ ವಿಷಯವು ಬೇರೆ. ಭೈರವನು ಬ್ರಹ್ಮನ ಐದನೆಯ ತಲೆಯನ್ನು ಕಡಿದನೆಂದೂ, ಆ ಪಾಪದ ಗುರುತಾಗಿ ಕಪಾಲವು ಅವನ ಕೈಗೆ ಅಂಟಿಕೊಂಡಿತೆಂದೂ, ಅವನು ಭಿಕ್ಷೆ ಬೇಡುತ್ತಾ ತಿರುಗಿದನೆಂದೂ ಪುರಾಣಗಳಲ್ಲಿ ಹೇಳಿದೆ. ಅದನ್ನು ಅನುಸರಿಸಿ ಈ ಪಂಥದವರು ಮನುಷ್ಯನ ತಲೆಬುರುಡೆಯನ್ನು ಭಿಕ್ಷಾಪಾತ್ರೆಯಾಗಿ ಹಿಡಿದರು. ಏಳನೆಯ ಶತಮಾನದಲ್ಲಿ ಕಂಚಿಯನ್ನಾಳಿದ ಮಹೇಂದ್ರವರ್ಮ ಅರಸನು ಇವರ ಮೇಲೆ ಮತ್ತವಿಲಾಸವೆಂಬ ಹಾಸ್ಯನಾಟಕವನ್ನೇ ರಚಿಸಿದನು; ಅದರಲ್ಲಿ ಕಾಪಾಲಿಕನು ತನ್ನ ಬುರುಡೆಯನ್ನು ಕಳೆದುಕೊಂಡು ಬೌದ್ಧ ಭಿಕ್ಷುವಿನ ಮೇಲೆ ಕಳ್ಳತನ ಹೊರಿಸುತ್ತಾನೆ, ಕಡೆಗೆ ನೋಡಿದರೆ ನಾಯಿ ಒಯ್ದಿರುತ್ತದೆ. ನಗೆಯು ಹಾಗಿರಲಿ. ಇಲ್ಲಿ ತಲೆಯ ಅರ್ಥವು ಒತ್ತೆಯಲ್ಲ, ಅಪರಾಧ. ಮಾಡಿದ ಕೊಲೆಯನ್ನು ಕೈಯಿಂದ ಬಿಡಿಸಿಕೊಳ್ಳಲಾರದವನು ಅದನ್ನು ಹೊತ್ತುಕೊಂಡು ಮನೆಮನೆಗೆ ತಿರುಗುತ್ತಾನೆ. ಪಾಪದ ಭಾರವೆಂಥದು ಎಂಬದನ್ನು ಈ ಕಥೆ ಕಟ್ಟಿದವನು ಚೆನ್ನಾಗಿ ಬಲ್ಲವನು.

ಈಗ ಪಶ್ಚಿಮ ದೇಶಗಳಿಗೆ ಬರೋಣ. ಯೆರೂಸಲೇಮಿಗೆ ಹೋಗುವ ಯಾತ್ರಿಕರನ್ನು ಕಾಯುವದಕ್ಕಾಗಿ ಟೆಂಪ್ಲರರೆಂಬ ಸೈನಿಕ ಸಂನ್ಯಾಸಿಗಳ ಒಂದು ಸಂಘವು ಹುಟ್ಟಿ ಬಹು ಐಶ್ವರ್ಯವನ್ನು ಪಡೆಯಿತು. ಹೊಸಬರನ್ನು ಸೇರಿಸಿಕೊಳ್ಳುವ ಆಚಾರವನ್ನು ಅವರು ಬಾಗಿಲು ಮುಚ್ಚಿಕೊಂಡು ನಡಿಸುತ್ತಿದ್ದರು. ಇವರು ಒಳಗೆ ಒಂದು ತಲೆಯನ್ನಿಟ್ಟು ಪೂಜಿಸುತ್ತಾರೆಂಬ ದೂರನ್ನು ಹೊರಿಸಿ ಫ್ರಾನ್ಸಿನ ಅರಸನಾದ ನಾಲ್ಕನೆಯ ಫಿಲಿಪನು ೧೩೦೭ನೆಯ ಅಕ್ಟೋಬರ ೧೩ರಲ್ಲಿ ಒಂದೇ ದಿವಸ ಅವರನ್ನೆಲ್ಲಾ ಹಿಡಿಸಿದನು. ಹಿಂಸೆಪಡಿಸಿ ಕೇಳಿದಾಗ ಒಬ್ಬನು ಆ ತಲೆಗೆ ಗಡ್ಡವಿತ್ತೆಂದನು, ಮತ್ತೊಬ್ಬನು ಹಲವು ಮುಖಗಳಿದ್ದವೆಂದನು, ಇನ್ನೊಬ್ಬನು ಅದನ್ನು ಕಂಡೇ ಇಲ್ಲವೆಂದನು. ಪಾರಿಸ ಪಟ್ಟಣದ ಅವರ ಮನೆಯನ್ನು ಶೋಧಿಸಿದಾಗ ಸಿಕ್ಕಿದ್ದು ಸ್ತ್ರೀಯ ತಲೆಯ ಆಕಾರದಲ್ಲಿ ಬೆಳ್ಳಿಯಿಂದ ಮಾಡಿದ ಒಂದು ಕರಡಿಗೆ ಮಾತ್ರ. ಭಕ್ತರ ಎಲುಬುಗಳನ್ನು ಇಂಥ ಕರಡಿಗೆಗಳಲ್ಲಿ ಇಡುವದು ಆ ಕಾಲದ ಎಲ್ಲಾ ದೇವಾಲಯಗಳ ವಾಡಿಕೆಯಾಗಿತ್ತು. ಆದರೂ ೧೩೧೨ರಲ್ಲಿ ಸಂಘವು ರದ್ದಾಯಿತು. ೧೩೧೪ರಲ್ಲಿ ಅವರ ಮುಖ್ಯಸ್ಥನನ್ನು ಸುಟ್ಟರು. ಅರಸನು ಅವರಿಗೆ ಸಾಲಗಾರನಾಗಿದ್ದನೆಂಬದನ್ನು ಮರೆಯಬೇಡಿರಿ. ಮುಚ್ಚಿದ ಬಾಗಿಲಿನ ಹಿಂದೆ ಏನೂ ಇಲ್ಲದಿದ್ದರೂ ಹೊರಗಿನವರು ಅಲ್ಲಿ ಒಂದು ತಲೆಯನ್ನು ಇಡುತ್ತಾರೆ.

ಫ್ರೀಮೇಸನರ ಮಹಾಸಭೆಯು ಲಂಡನ್ನಿನಲ್ಲಿ ೧೭೧೭ನೆಯ ಜೂನ ೨೪ರಲ್ಲಿ, ಅಂದರೆ ಸ್ನಾನಿಕನಾದ ಯೋಹಾನನ ಹಬ್ಬದ ದಿವಸವೇ, ಸ್ಥಾಪಿತವಾಯಿತು. ಇವರ ಮೊದಲನೆಯ ನಿಯಮಗ್ರಂಥವನ್ನು ೧೭೨೩ರಲ್ಲಿ ಸಿದ್ಧಪಡಿಸಿದ ಜೇಮ್ಸ್ ಆಂಡರ್ಸನನು ಪ್ರೆಸ್ಬಿಟೇರಿಯನ್ ಬೋಧಕನೇ ಆಗಿದ್ದನು. ಆದದರಿಂದ ಅಲ್ಲಿಗೆ ಹೋಗುವವರೆಲ್ಲಾ ಸೈತಾನನ ಮಕ್ಕಳೆಂದು ಹೇಳುವವರ ಮಾತಿಗೆ ಕಿವಿಗೊಡಬೇಡಿರಿ. ಆದರೂ ಅವರ ಹಳೇ ಪ್ರತಿಜ್ಞೆಯಲ್ಲಿ, ರಹಸ್ಯವನ್ನು ಹೊರಗೆ ಹಾಕಿದರೆ ನನ್ನ ಗಂಟಲು ಸೀಳಲ್ಪಡಲಿ, ಎಂಬ ಅರ್ಥದ ಮಾತಿತ್ತು. ಇಂಥ ದೇಹದಂಡನೆಯ ಮಾತುಗಳನ್ನು ಪ್ರತಿಜ್ಞೆಯಿಂದ ತೆಗೆದುಹಾಕಬೇಕೆಂದು ಇಂಗ್ಲೆಂಡಿನ ಮಹಾಸಭೆಯು ೧೯೮೬ರಲ್ಲಿ ನಿರ್ಣಯಿಸಿತು. ಅವರೇ ತೆಗೆದದ್ದನ್ನು ನಾವು ಇನ್ನೂ ದೂಷಿಸುತ್ತಾ ಕೂಡ್ರುವದು ನ್ಯಾಯವಲ್ಲ.

ಅದೇ ಸಂಘದ ಒಂದು ಶಾಖೆಯಲ್ಲಿ ಒಂಬತ್ತನೆಯ ಪದವಿಯ ಗುರುತಿನ ಮೇಲೆ ಕಡಿದ ತಲೆಯನ್ನು ಹಿಡಿದ ಕೈಯ ಚಿತ್ರವುಂಟು. ಸೊಲೊಮೋನನ ದೇವಾಲಯದ ಶಿಲ್ಪಿಯಾದ ಹೀರಾಮನನ್ನು ಅವನ ಕೈಕೆಳಗಿನವರೇ ಕೊಂದರೆಂದೂ, ಅರಸನು ಒಂಬತ್ತು ಮಂದಿಯನ್ನು ಆರಿಸಿ ಕಳುಹಿಸಲು ಅವರಲ್ಲೊಬ್ಬನು ಗವಿಯಲ್ಲಿ ಅಡಗಿದ್ದ ಕೊಲೆಗಾರನನ್ನು ಕೊಂದು ಅವನ ತಲೆಯನ್ನು ತಂದನೆಂದೂ ಆ ಪದವಿಯ ಕಥೆ. ಸತ್ಯವೇದದಲ್ಲಿ ಹೀರಾಮನೆಂಬ ಶಿಲ್ಪಿಯುಂಟು, ಆ ಕೊಲೆಯ ಕಥೆಯಿಲ್ಲ. ಆದರೆ ತಲೆಯನ್ನು ಹೊತ್ತು ತಂದವರ ನಿಜವಾದ ಸಂಗತಿಯು ಎರಡನೆಯ ಸಮುವೇಲನ ನಾಲ್ಕನೆಯ ಅಧ್ಯಾಯದಲ್ಲಿದೆ. ರೇಕಾಬನೂ ಬಾಣನೂ ಎಂಬ ಅಣ್ಣತಮ್ಮಂದಿರು ಮಧ್ಯಾಹ್ನದಲ್ಲಿ ಮಲಗಿದ್ದ ಈಷ್ಬೋಶೆತನನ್ನು ಕೊಂದು, ರಾತ್ರಿಯೆಲ್ಲಾ ನಡೆದು, ತಲೆಯನ್ನು ಹೆಬ್ರೋನಿಗೆ ತಂದು ದಾವೀದನ ಮುಂದಿಟ್ಟರು. ಬಹುಮಾನ ಸಿಕ್ಕುವದೆಂದು ನೆನಸಿದರು. ವೈರಿಯ ಮಗನ ತಲೆಯಲ್ಲವೇ? ದಾವೀದನು ಅವರಿಗೆ ಮರಣದಂಡನೆ ವಿಧಿಸಿದನು, ಆ ತಲೆಯನ್ನು ಮರ್ಯಾದೆಯಿಂದ ಸಮಾಧಿ ಮಾಡಿಸಿದನು. ಭೀಮೆಯ ತೀರದ ಊರುಗಳಲ್ಲಿ ಮನೆತನಗಳ ಹಗೆಯಿಂದ ಎಷ್ಟು ಮನೆಗಳು ಬರಿದಾದವೆಂದು ಬಲ್ಲವರು ಈ ಅಧ್ಯಾಯವನ್ನು ನಿಧಾನವಾಗಿ ಓದಲಿ.

ದೂರದ ಸಂಗತಿಗಳನ್ನು ಹೇಳಿ ಹತ್ತಿರದ್ದನ್ನು ಬಿಡಲಾಗದು. ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿ ಎಂಬ ಊರುಗಳ ಹೆಸರಿನಿಂದಲೂ ತಾಳಿಕೋಟೆಯ ಹೆಸರಿನಿಂದಲೂ ಕರೆಯಲ್ಪಡುವ ಯುದ್ಧವು ೧೫೬೫ನೆಯ ಜನವರಿ ೨೩ರಲ್ಲಿ ನಡೆಯಿತು. ವಿಜಯನಗರದ ರಾಮರಾಯನು ಮುಪ್ಪಿನವನಾಗಿದ್ದರೂ ತಾನೇ ರಣಕ್ಕೆ ಬಂದು ಸೆರೆಸಿಕ್ಕಿದನು. ಅಹಮದನಗರದ ಹುಸೇನ ನಿಜಾಮಶಾಹನು ಅವನ ತಲೆಯನ್ನು ಕಡಿಸಿ ಭರ್ಚಿಯ ತುದಿಗೆ ಏರಿಸಿ ತೋರಿಸಲು, ಅಷ್ಟು ದೊಡ್ಡ ದಂಡು ಒಡೆದು ಓಡಿತು. ಆ ತಲೆಯನ್ನು ಅಹಮದನಗರದಲ್ಲಿಟ್ಟು ಎರಡೂವರೆ ಶತಮಾನಗಳ ತರುವಾಯವೂ ವರುಷಕ್ಕೊಮ್ಮೆ ಎಣ್ಣೆ ಕುಂಕುಮ ಸವರಿ ತೋರಿಸುತ್ತಿದ್ದರೆಂದೂ, ಬಿಜಾಪುರದ ಕೋಟೆಯ ಒಂದು ಬಚ್ಚಲಿನ ಬಾಯಿಗೆ ರಾಮರಾಯನ ತಲೆಯ ಆಕಾರದ ಕಲ್ಲನ್ನು ಹಚ್ಚಿದ್ದರೆಂದೂ ರಾಬರ್ಟ್ ಸೆವೆಲ್ ಎಂಬವರು ೧೯೦೦ರಲ್ಲಿ ಅಚ್ಚಾದ ವಿಜಯನಗರದ ಚರಿತ್ರೆಯಲ್ಲಿ ಬರೆದಿದ್ದಾರೆ. ಇದನ್ನು ಒಂದು ಜಾತಿಯವರು ಮತ್ತೊಂದು ಜಾತಿಯವರಿಗೆ ಮಾಡಿದ ಅನ್ಯಾಯವೆಂದು ಹೇಳಿ ಹಳೇ ಗಾಯವನ್ನು ಕೆರೆಯುವವರಿದ್ದಾರೆ. ಆದರೆ ಬಿಜಾಪುರದ ಆಲಿ ಆದಿಲಶಾಹನು ಅದಕ್ಕೆ ಮುಂಚೆ ವಿಜಯನಗರಕ್ಕೆ ಹೋಗಿ ರಾಮರಾಯನ ಮನೆಯಲ್ಲಿ ಮಗನಂತೆ ಸತ್ಕಾರ ಹೊಂದಿದ್ದನೆಂದು ಫಿರಿಸ್ತನು ಬರೆದಿದ್ದಾನೆ. ರಾಮರಾಯನ ದಂಡಿನಲ್ಲಿ ಮುಸಲ್ಮಾನ ಸರದಾರರೂ ಇದ್ದರು. ಪಿಲಿಷ್ಟಿಯರೂ ಸೌಲನ ತಲೆಯನ್ನು ಕಡಿದು ದಾಗೋನನ ಗುಡಿಯಲ್ಲಿ ತೂಗಹಾಕಿದರು. ಅಂಥ ಹೆಮ್ಮೆಯು ಎಲ್ಲಾ ಕುಲಗಳಲ್ಲಿಯೂ ಉಂಟು.

ಯಜಮಾನನ ತಲೆ ಬಿದ್ದರೆ ದಂಡು ಚದರುತ್ತದೆ. ತಾಳಿಕೋಟೆಯ ರಣದಲ್ಲಿ ತಲೆಯನ್ನು ಭರ್ಚಿಗೆ ಏರಿಸಿದ್ದರ ಅರ್ಥವಿಷ್ಟೇ. ಕಪಾಲಸ್ಥಳವೆಂಬ ಗೊಲ್ಗೊಥಾದಲ್ಲಿಯೂ ಇದೇ ಲೆಕ್ಕ ಹಾಕಿದರು. ನಾಯಕನನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ತೂಗಹಾಕಿದರೆ ಶಿಷ್ಯರು ಓಡಿಹೋಗುವರು. ಓಡಿಯೂ ಹೋದರು, ಪೇತ್ರನು ಆಣೆಯಿಟ್ಟು ಅವನನ್ನು ಅರಿಯೆನೆಂದನು. ಆದರೆ ಮೂರನೆಯ ದಿವಸ ಚದರಿದವರು ತಿರಿಗಿ ಕೂಡಿದರು. ಪೌಲನು ಕೊಲೊಸ್ಸೆಯವರಿಗೆ ಬರೆಯುವಾಗ ಕ್ರಿಸ್ತನನ್ನು ಸಭೆಯೆಂಬ ದೇಹಕ್ಕೆ ಶಿರಸ್ಸೆಂದು ಕರೆಯುತ್ತಾನೆ. ಈ ಶಿರಸ್ಸು ದೇಹದಿಂದ ಅಗಲಲಿಲ್ಲ.

ಆ ಶಿರಸ್ಸಾದಾತನು ಆಣೆಯ ವಿಷಯವಾಗಿ ಏನು ಕಲಿಸಿದನು? ಮತ್ತಾಯನ ಐದನೆಯ ಅಧ್ಯಾಯವನ್ನು ತೆರೆಯಿರಿ. ತಲೆಯ ಮೇಲೆ ಆಣೆಯಿಡಬಾರದು. ಯಾಕಂದರೆ ಒಂದು ಕೂದಲನ್ನು ಬೆಳ್ಳಗೆ ಮಾಡುವದೂ ಕಪ್ಪಗೆ ಮಾಡುವದೂ ನಮ್ಮ ಕೈಯಲ್ಲಿಲ್ಲ. ತಲೆಯು ನಮ್ಮದಾದರಲ್ಲವೇ ಒತ್ತೆಯಿಡುವದು? ಬೇರೆಯವನ ಹೊಲವನ್ನು ಬರೆದುಕೊಟ್ಟು ಸಾಲ ತರುವವನಿಗೂ ಮಗನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡುವವನಿಗೂ ಏನು ಭೇದ? ಮಹಾಯಾಜಕನು ಶಿಷ್ಯರ ವಿಷಯವಾಗಿಯೂ ಉಪದೇಶದ ವಿಷಯವಾಗಿಯೂ ವಿಚಾರಿಸಿದಾಗ, ತಾನು ಲೋಕದ ಮುಂದೆ ಬಹಿರಂಗವಾಗಿ ಮಾತಾಡಿದವನೆಂದೂ ಗುಟ್ಟಿನಲ್ಲಿ ಏನೂ ಹೇಳಲಿಲ್ಲವೆಂದೂ ಕೇಳಿದವರನ್ನೇ ವಿಚಾರಿಸಬೇಕೆಂದೂ ಆತನು ಉತ್ತರಕೊಟ್ಟನು. ನಮ್ಮ ಸಭೆಗಳ ಬಾಗಿಲು ಆರಾಧನೆಯ ಹೊತ್ತಿನಲ್ಲಿ ತೆರೆದಿರಬೇಕೆಂಬದಕ್ಕೆ ಇದೇ ಆಧಾರ. ಕಿಟಕಿಯಲ್ಲಿ ನಿಂತು ನೋಡುವ ಹುಡುಗರನ್ನು ಓಡಿಸುವ ಹಿರಿಯರು ಇದನ್ನು ನೆನಪಿನಲ್ಲಿಡಲಿ.

ಗುಪ್ತ ಸಂಘವು ಲಂಡನ್ನಿನಲ್ಲಿಯೇ ಇರಬೇಕೆಂದಿಲ್ಲ. ಒಂದು ಮನೆಯ ನಾಲ್ಕು ಜನರು ಕೂಡಿ, ಇದನ್ನು ಯಾರಿಗೂ ಹೇಳಬಾರದು, ಎಂದು ಆಣೆಯಿಟ್ಟುಕೊಂಡರೆ ಅದೂ ಒಂದು ಗುಪ್ತ ಸಂಘವೇ. ಸವದತ್ತಿಯ ಯಲ್ಲಮ್ಮನ ಜಗವನ್ನು ಬುಟ್ಟಿಯಲ್ಲಿ ಹೊತ್ತ ಜೋಗತಿಯರನ್ನು ನೀವು ಕಂಡಿದ್ದೀರಿ. ಆ ಬುಟ್ಟಿಯಲ್ಲಿರುವದು ದೇವಿಯ ತಲೆಯ ರೂಪ. ತಂದೆಯಾದ ಜಮದಗ್ನಿಯ ಮಾತಿಗಾಗಿ ಪರಶುರಾಮನು ತಾಯಿಯ ತಲೆಯನ್ನು ಕಡಿದನೆಂಬ ಕಥೆಯು ಎಲ್ಲರಿಗೂ ತಿಳಿದದ್ದು. ಭಕ್ತರ ಭಕ್ತಿಯನ್ನು ಹಾಸ್ಯಮಾಡುವದು ನಮ್ಮ ಕೆಲಸವಲ್ಲ. ಆದರೆ ಆ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದ ಪದ್ಧತಿಯನ್ನು ಮುಂಬಯಿ ಸರಕಾರವು ೧೯೩೪ರ ಕಾಯಿದೆಯಿಂದಲೂ ಕರ್ನಾಟಕ ಸರಕಾರವು ೧೯೮೨ರ ಕಾಯಿದೆಯಿಂದಲೂ ನಿಷೇಧಿಸಿದವು. ಆ ಮೇಲೆ ಏನಾಯಿತು? ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದದ್ದು ಎಷ್ಟೋ ಕಡೆಗಳಲ್ಲಿ ಮನೆಯೊಳಗೆ ಹೊಕ್ಕಿತು. ಊರಿನವರು ಬಲ್ಲರು, ಯಾರೂ ಬಾಯಿ ಬಿಡರು. ನಮ್ಮ ಸಭೆಯ ಕುಟುಂಬಗಳಿಗೂ ಅಂಥ ಮನೆಗಳಲ್ಲಿ ಬೀಗರು ನೆಂಟರು ಇರುತ್ತಾರೆ. ನೆಂಟಸ್ತನ ಕೆಡುವದೆಂದು ಸುಮ್ಮನಿರುವವನು ಹೆರೋದನ ಪಂಕ್ತಿಯಲ್ಲಿ ಕೂತವನೇ. ಹರಿವಾಣವು ಅವನ ಎದುರಿನಿಂದಲೇ ಹಾದುಹೋಯಿತು.

ನಿಧಿಯ ಆಶೆಯಿಂದ ನಡುರಾತ್ರಿಯಲ್ಲಿ ಬಲಿ ಕೊಡಿಸುವ ಮಾಟಗಾರರ ವಿಷಯವೂ ಹೀಗೆಯೇ. ಕರ್ನಾಟಕದಲ್ಲಿ ೨೦೧೭ರಲ್ಲಿ ಅಂಗೀಕೃತವಾಗಿ ೨೦೨೦ನೆಯ ಜನವರಿಯಲ್ಲಿ ಜಾರಿಗೆ ಬಂದ ಕಾಯಿದೆಯು ನಿಧಿಗಾಗಿ ಮಾಡುವ ಅಮಾನುಷ ಕೃತ್ಯಗಳನ್ನೂ ವಾಮಾಚಾರವನ್ನೂ ಅಪರಾಧಗಳೊಳಗೆ ಎಣಿಸಿದೆ. ಅಂಥದು ಕಿವಿಗೆ ಬಿದ್ದರೆ ಪೊಲೀಸರಿಗೆ ತಿಳಿಸತಕ್ಕದ್ದು.

ಆದರೆ ಇಲ್ಲಿ ಬಹು ಎಚ್ಚರಿಕೆ ಬೇಕು. ಹೊಳೆಗೆ ಸೇತುವೆ ಕಟ್ಟುವಾಗ ಮಕ್ಕಳ ತಲೆಗಳು ಬೇಕಾಗುತ್ತವೆಂದೂ ಅದಕ್ಕಾಗಿ ಜೋಳಿಗೆಯವರು ಬರುತ್ತಾರೆಂದೂ ಅಜ್ಜಿಯರು ಹೇಳಿ ಮಕ್ಕಳನ್ನು ಮಲಗಿಸುತ್ತಿದ್ದರು. ಆ ಮಾತು ಅಲ್ಲಿಗೇ ನಿಂತಿದ್ದರೆ ಚಿಂತೆಯಿಲ್ಲ. ೨೦೧೮ನೆಯ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಮೊಬೈಲಿನಿಂದ ಮೊಬೈಲಿಗೆ ಹಾರಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯೌವನಸ್ಥನನ್ನು ಜನರ ಗುಂಪು ಹೊಡೆದು ಕೊಂದಿತು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಅವನ ಸಂಗಡಿಗರು ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಮೂಲವಾಯಿತು. ಟೆಂಪ್ಲರರ ಮುಚ್ಚಿದ ಬಾಗಿಲಿನ ಹಿಂದೆ ಇಲ್ಲದ ತಲೆಯನ್ನು ಕಂಡವರಿಗೂ ಈ ಗುಂಪಿನವರಿಗೂ ಏಳುನೂರು ವರುಷಗಳ ಅಂತರ ಮಾತ್ರ. ಕಣ್ಣಾರೆ ಕಂಡದ್ದನ್ನು ಅಧಿಕಾರಸ್ಥನಿಗೆ ಹೇಳುವದು ಒಂದು. ಕೇಳಿದ್ದನ್ನು ನಾಲ್ಕು ಜನರಿಗೆ ಹಬ್ಬಿಸುವದು ಮತ್ತೊಂದು.

ಒಬ್ಬ ಸಹೋದರಿಯು ಕೇಳಬಹುದು: ನಾನು ಹೇಳುವದಿಲ್ಲವೆಂದು ಆಣೆಯಿಟ್ಟಿದ್ದೇನೆ, ಈಗ ಹೇಳಿದರೆ ಪಾಪವಲ್ಲವೇ? ಯಾಜಕಕಾಂಡದ ಐದನೆಯ ಅಧ್ಯಾಯದಲ್ಲಿ ವಿಚಾರವಿಲ್ಲದೆ ಇಟ್ಟ ಆಣೆಯನ್ನು ಅರಿಕೆಮಾಡಿ ಪರಿಹಾರ ಹೊಂದತಕ್ಕ ದೋಷವೆಂದು ಎಣಿಸಿದೆ. ಸಾಯಂಕಾಲದ ವರೆಗೆ ಯಾರೂ ಏನೂ ತಿನ್ನಬಾರದೆಂದು ಸೌಲನು ದಂಡಿನವರಿಂದ ಆಣೆ ಮಾಡಿಸಿದ್ದನು. ಅದನ್ನು ಅರಿಯದ ಯೋನಾತಾನನು ಜೇನನ್ನು ರುಚಿನೋಡಿದನು. ತಂದೆಯು ಆಣೆಗಾಗಿ ಮಗನ ತಲೆಯನ್ನೇ ತೆಗೆಯಲು ಸಿದ್ಧನಾದಾಗ ಜನರೆಲ್ಲಾ ಅಡ್ಡಬಂದು ಅವನನ್ನು ಬಿಡಿಸಿದರು. ಅರಸನ ಆಣೆ ಮುರಿಯಿತು, ಒಂದು ಪ್ರಾಣ ಉಳಿಯಿತು. ಜನರನ್ನು ಸತ್ಯವೇದವು ಅದಕ್ಕಾಗಿ ಗದರಿಸುವದಿಲ್ಲ. ಹೆರೋದನ ಪಂಕ್ತಿಯಲ್ಲಿ ಅಂಥ ಒಬ್ಬನು ಎದ್ದು ನಿಂತಿದ್ದರೆ!

ಅಪೊಸ್ತಲರ ಕೃತ್ಯಗಳ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ನಿಜವಾದ ಗುಪ್ತ ಸಂಘವೊಂದು ಕಾಣಿಸುತ್ತದೆ. ನಲವತ್ತಕ್ಕಿಂತ ಹೆಚ್ಚು ಮಂದಿ ಕೂಡಿ, ಪೌಲನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವದಿಲ್ಲವೆಂದು ಶಪಥಮಾಡಿಕೊಂಡರು. ಮಹಾಯಾಜಕರಿಗೂ ಹಿರಿಯರಿಗೂ ಇದು ಗೊತ್ತಿತ್ತು. ದೊಡ್ಡವರೆಲ್ಲಾ ಬಾಯಿ ಮುಚ್ಚಿಕೊಂಡಿದ್ದರು. ಪೌಲನ ಅಕ್ಕನೋ ತಂಗಿಯೋ, ಅವಳ ಮಗನ ಕಿವಿಗೆ ಅದು ಬಿತ್ತು. ಅವನ ಹೆಸರನ್ನು ಲೂಕನು ಬರೆಯಲಿಲ್ಲ. ಅವನು ಪೇಟೆಯಲ್ಲಿ ಕೂಗಲಿಲ್ಲ, ಗುಂಪು ಕೂಡಿಸಲಿಲ್ಲ. ನೆಟ್ಟಗೆ ಕೋಟೆಯೊಳಕ್ಕೆ ಹೋಗಿ ಮಾವನಿಗೆ ಹೇಳಿದನು. ಮಾವನು ಶತಾಧಿಪತಿಯನ್ನು ಕರೆದು ಅವನನ್ನು ಸಹಸ್ರಾಧಿಪತಿಯ ಬಳಿಗೆ ಕಳುಹಿಸಿದನು. ಆ ಅಧಿಕಾರಿಯು ಹುಡುಗನ ಕೈಹಿಡಿದು ಒತ್ತಟ್ಟಿಗೆ ಕರಕೊಂಡು ಹೋಗಿ ವಿಚಾರಿಸಿದನು. ಎಲ್ಲವನ್ನು ಕೇಳಿದ ಮೇಲೆ, ನೀನು ಇದನ್ನು ತಿಳಿಸಿದ್ದು ಯಾರಿಗೂ ಗೊತ್ತಾಗಬಾರದು, ಎಂದು ಅಪ್ಪಣೆಕೊಟ್ಟು ಕಳುಹಿಸಿದನು. ಇದೂ ಗುಟ್ಟೇ, ಆದರೆ ಒಬ್ಬ ಹುಡುಗನ ತಲೆಯನ್ನು ಕಾಯುವದಕ್ಕಾಗಿ ಇಟ್ಟ ಗುಟ್ಟು. ಆ ರಾತ್ರಿಯ ಒಂಬತ್ತು ಘಂಟೆಯ ಹೊತ್ತಿಗೆ ಇನ್ನೂರು ಮಂದಿ ಸಿಪಾಯಿಗಳೂ ಎಪ್ಪತ್ತು ಮಂದಿ ರಾಹುತರೂ ಇನ್ನೂರು ಮಂದಿ ಭರ್ಚಿಯವರೂ ಸಿದ್ಧವಾದರು. ಪೌಲನನ್ನು ಕುದುರೆಯ ಮೇಲೆ ಕೂಡ್ರಿಸಿ ಅಂತಿಪತ್ರಿಯ ತನಕ ರಾತ್ರಿಯಲ್ಲಿಯೇ ಒಯ್ದರು. ಮರುದಿವಸ ರಾಹುತರು ಅವನನ್ನು ಸುಖವಾಗಿ ಕೈಸರೈಯಕ್ಕೆ ಮುಟ್ಟಿಸಿದರು.